ವರ್ಷಕ್ಕೆ ಆರು ಸಲ ನೆಗಡಿ: ಇನ್ನೊಂದು ಮಾತ್ರೆ ಸೇರಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ವಯಸ್ಸು 38, ಕೂತು ಮಾಡುವ ಕೆಲಸ. ವರ್ಷಕ್ಕೆ ಐದಾರು ಸಲ ನೆಗಡಿ ಆಗುತ್ತೆ, ಬಂದರೆ ಹತ್ತು ದಿನ ಬಿಡಲ್ಲ. ಮಲಗುವುದು ರಾತ್ರಿ 12:30ಕ್ಕೆ, ಏಳುವುದು 6ಕ್ಕೆ. ಸಿಗರೇಟು ದಿನಕ್ಕೆ ಎರಡು-ಮೂರು. ಸಕ್ಕರೆ ಕಾಯಿಲೆ, ಬಿಪಿ ಇಲ್ಲ. ಮೂರು ತಿಂಗಳಿಂದ ದಿನಾ ವಿಟಮಿನ್ ಸಿ 1000 ಮಿಲಿಗ್ರಾಂ, ಜಿಂಕ್ 50 ಮಿಲಿಗ್ರಾಂ ತಗೋತಿದ್ದೀನಿ. ಇಮ್ಯೂನಿಟಿ ಜಾಸ್ತಿ ಆಗೋಕೆ ಇನ್ನೇನು ಸೇರಿಸಲಿ?

ಉತ್ತರ (ವೈದ್ಯರು): ಸೇರಿಸುವ ಮಾತು ಆಮೇಲೆ. ಮೊದಲು ತೆಗೆಯಬೇಕಾದ್ದು ಎರಡಿದೆ: ಆ 50 ಮಿಲಿಗ್ರಾಂ ಜಿಂಕ್ ಮತ್ತು ಸಿಗರೇಟು. ಜಿಂಕ್ ವಿಚಾರ ನಮ್ಮ ಆಹಾರತಜ್ಞೆ ಮೇಡಂ ಕೆಳಗೆ ಬರೆಯುತ್ತಾರೆ.

ದೊಡ್ಡವರಿಗೆ ವರ್ಷಕ್ಕೆ ಎರಡು-ಮೂರು ನೆಗಡಿ ಮಾಮೂಲು. ನಿಮ್ಮದು ಸ್ವಲ್ಪ ಹೆಚ್ಚು, ಆದರೆ ಇಷ್ಟಕ್ಕೇ ರೋಗನಿರೋಧಕ ಶಕ್ತಿ ಕುಸಿದಿದೆ ಎನ್ನಲಾಗದು. ಹತ್ತು ದಿನ ಎಳೆಯುವುದೂ ಸಹಜವೇ, ಕೆಮ್ಮಂತೂ ಎರಡು-ಮೂರು ವಾರ ಉಳಿಯಬಹುದು. ಇನ್ನೊಂದು ಮಾತು. ಇಮ್ಯೂನಿಟಿ ಅನ್ನುವುದು ತುಂಬಿಸಿದಷ್ಟೂ ಒಳ್ಳೆಯದಾಗುವ ತೊಟ್ಟಿಯಲ್ಲ. ನೆಗಡಿಯಲ್ಲಿ ಮೂಗು ಕಟ್ಟುವುದು, ಸುರಿಯುವುದು, ಜ್ವರ ಬರುವುದು ಹೆಚ್ಚಾಗಿ ನಮ್ಮದೇ ರಕ್ಷಣಾ ವ್ಯವಸ್ಥೆಯ ಕೆಲಸ. ಅದು ಮಿತಿ ಮೀರಿ ಕೆರಳಿದರೆ ಅಲರ್ಜಿ, ತನ್ನ ಮೈಯನ್ನೇ ಶತ್ರು ಅಂದುಕೊಂಡರೆ ಸ್ವಯಂನಿರೋಧಕ ಕಾಯಿಲೆ. ಹಾಗಾಗಿ "ಹೆಚ್ಚಿಸುವ" ಮಾತ್ರೆ ಹುಡುಕಬೇಡಿ. ಅದರ ಕೆಲಸಕ್ಕೆ ಅಡ್ಡಿಯಾಗಿರುವುದು ಏನು ಅಂತ ನೋಡಿ. ನಿಮ್ಮ ಲೆಕ್ಕದಲ್ಲಿ ಅದು ಕಣ್ಣಿಗೆ ರಾಚುವಂತಿದೆ: ಐದೂವರೆ ಗಂಟೆ ನಿದ್ದೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶೆಲ್ಡನ್ ಕೋಹೆನ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 153 ಆರೋಗ್ಯವಂತರ ನಿದ್ದೆಯ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಎಲ್ಲರ ಮೂಗಿಗೂ ನೆಗಡಿಯ ವೈರಸ್ ಹನಿ ಹಾಕಿ, ಪ್ರತ್ಯೇಕವಾಗಿಟ್ಟು ಐದು ದಿನ ಗಮನಿಸಿದರು. 8 ಗಂಟೆ ಅಥವಾ ಹೆಚ್ಚು ಮಲಗುವವರಿಗೆ ಹೋಲಿಸಿದರೆ 7 ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿಯಾಗುವ ಸಾಧ್ಯತೆ ಸುಮಾರು ಮೂರು ಪಟ್ಟು. 2015ರಲ್ಲಿ 164 ಜನರ ಮೇಲೆ, ಕೈಗೆ ಕಟ್ಟುವ ಉಪಕರಣದಿಂದ ನಿದ್ದೆ ಅಳೆದು ಮಾಡಿದ ಪ್ರಯೋಗದಲ್ಲಿ 6 ಗಂಟೆಗಿಂತ ಕಡಿಮೆಯವರಿಗೆ ಅದು ನಾಲ್ಕು ಪಟ್ಟು ದಾಟಿತ್ತು. ನೀವು ಇರುವುದು ಆ ಗುಂಪಿನಲ್ಲಿ.

ಪ್ರಶ್ನೆ (ಅದೇ ಸದಸ್ಯರು): ಸರ್, ಹಾಗಾದರೆ ನಾಳೆಯಿಂದಲೇ 10:30ಕ್ಕೆ ಮಲಗಿಬಿಡ್ತೀನಿ.

ಉತ್ತರ (ವೈದ್ಯರು): ಬೇಡ. ಹಾಸಿಗೆ ಸೇರುತ್ತೀರಿ, ನಿದ್ದೆ ಬರುವುದಿಲ್ಲ. ನಿಮ್ಮ ದೇಹದ ಗಡಿಯಾರ 12:30ಕ್ಕೆ ಹೊಂದಿಕೊಂಡಿದೆ, ಎರಡು ಗಂಟೆ ಹೊರಳಾಡಿ ಮೂರನೇ ದಿನ ಕೈಬಿಡುತ್ತೀರಿ. ಅದೇ 2009ರ ಪ್ರಯೋಗದಲ್ಲಿ ನಿದ್ದೆಯ ಗಂಟೆಗಳಿಗಿಂತ ಬಲವಾಗಿ ಕಂಡದ್ದು, ಹಾಸಿಗೆಯಲ್ಲಿ ಕಳೆದ ಸಮಯದಲ್ಲಿ ನಿಜಕ್ಕೂ ಎಷ್ಟು ಪಾಲು ನಿದ್ದೆ ಅನ್ನುವುದು. ಅದು 92%ಗಿಂತ ಕಡಿಮೆ ಇದ್ದವರಿಗೆ, 98% ಮುಟ್ಟಿದವರಿಗಿಂತ ಐದೂವರೆ ಪಟ್ಟು ನೆಗಡಿ. 8 ಗಂಟೆ ಅಂದರೆ 480 ನಿಮಿಷ, ಅದರ 8% ಅಂದರೆ 38 ನಿಮಿಷ. ದಿಂಬಿಗೆ ಒರಗಿ ಮುಕ್ಕಾಲು ಗಂಟೆ ಮೊಬೈಲ್ ಉಜ್ಜಿದರೆ ಅಷ್ಟು ಹೋಯಿತು.

ಹೀಗೆ ಮಾಡಿ. ಏಳುವ ಸಮಯ 6 ಗಂಟೆಯೇ ಇರಲಿ, ರಜೆ ದಿನವೂ ಅಷ್ಟೇ. ಮಲಗುವುದನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ: 12:15, 12:00, 11:45. ಹದಿನೆಂಟು ದಿನಕ್ಕೆ 11 ಗಂಟೆಗೆ ಬಂದಿರುತ್ತೀರಿ, ಅಂದರೆ 7 ಗಂಟೆ ನಿದ್ದೆ. ಅಲ್ಲಿ ಒಂದು ವಾರ ನಿಂತು ಮತ್ತೆ ಅರ್ಧ ಗಂಟೆ ನೋಡಿ. ಎದ್ದ ಒಂದು ಗಂಟೆಯೊಳಗೆ 20-30 ನಿಮಿಷ ಹೊರಗಿನ ಬೆಳಕಿನಲ್ಲಿರಿ. ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು ಆ ಬೆಳಕು, ರಾತ್ರಿಯ ಛಲ ಅಲ್ಲ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಸಂಜೆ 5ಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನದ ಮೇಲೆ ಬಿಡಿ. 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಮಲಗಿ.

ಎಲ್ಲರೂ ಎಡವುವುದು ಒಂದೇ ಕಡೆ: ರಜೆಯ ದಿನ 9:30ರವರೆಗೆ ಮಲಗುವುದು. ಆವತ್ತು ರಾತ್ರಿ ನಿದ್ದೆ ಬಾರದು, ಮೂರು ವಾರದ ಶ್ರಮ ಮೊದಲಿನ ಜಾಗಕ್ಕೆ. ಮದ್ಯ ಕುಡಿದರೆ ಬೇಗ ನಿದ್ದೆ ಬರುತ್ತದೆ ನಿಜ, ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತದೆ. ಜೋರು ಗೊರಕೆ ಇದ್ದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ ಬಂದರೆ ಇದ್ಯಾವುದೂ ಸಾಲದು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯಾ ಎಂದು ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಮ್ಮದು ರಾತ್ರಿ ಪಾಳಿ, ಡಾಕ್ಟ್ರೇ. ನಮಗೆ ಈ 11 ಗಂಟೆ ಲೆಕ್ಕ ಆಗಲ್ಲ.

ಉತ್ತರ (ವೈದ್ಯರು): ಆಗಲ್ಲ, ಒಪ್ಪಿದೆ. ಪಾಳಿ ದಿನಕ್ಕೂ ರಜೆ ದಿನಕ್ಕೂ ಸಾಮಾನ್ಯವಾಗಿರುವ ನಾಲ್ಕು ಗಂಟೆ ಹಿಡಿದಿಟ್ಟುಕೊಳ್ಳಿ. ಉದಾಹರಣೆಗೆ ಪಾಳಿ ಮುಗಿಸಿ ಬೆಳಿಗ್ಗೆ 8ರಿಂದ 2ರವರೆಗೆ ಮಲಗುವವರು ರಜೆ ದಿನ ಬೆಳಗಿನ ಜಾವ 4ರಿಂದ 12. ಆಗ 8ರಿಂದ 12 ಎರಡೂ ದಿನ ಸೇರುತ್ತದೆ. ಪಾಳಿಗೆ ಹೊರಡುವ ಮುನ್ನ ಒಂದೂವರೆ ಗಂಟೆ ಕಣ್ಣುಮುಚ್ಚಿ. ಮಲಗುವ ಆರು ಗಂಟೆ ಮೊದಲಿನಿಂದ ಕೆಫೀನ್ ಇಲ್ಲ. ಕೋಣೆ ಕತ್ತಲೆ, ತಂಪು. ಪಾಳಿ ಬದಲಾಗುವುದಾದರೆ ಬೆಳಿಗ್ಗೆ, ಸಂಜೆ, ರಾತ್ರಿ ಅನ್ನುವ ಕ್ರಮ ಕೇಳಿಕೊಳ್ಳಿ. ಉಲ್ಟಾ ಕ್ರಮ ದೇಹಕ್ಕೆ ಕಷ್ಟ.

ಉತ್ತರ (ಆಹಾರತಜ್ಞೆ): ಈಗ ಮಾತ್ರೆಗಳ ವಿಚಾರ. ವಯಸ್ಕರಿಗೆ ದಿನಕ್ಕೆ ಬೇಕಾದ ಜಿಂಕ್, ಅಂದರೆ ಸತು, ಗಂಡಸರಿಗೆ 11, ಹೆಂಗಸರಿಗೆ 8 ಮಿಲಿಗ್ರಾಂ. ಮೇಲಿನ ಮಿತಿ 40, ಅದೂ ಊಟದ ಜಿಂಕ್ ಸೇರಿಸಿ. ತಿಂಗಳುಗಟ್ಟಲೆ 50 ತೆಗೆದುಕೊಂಡರೆ ಕರುಳು ತಾಮ್ರವನ್ನು ಹೀರಿಕೊಳ್ಳದೆ ಮಲದಲ್ಲಿ ಕಳೆದುಬಿಡುತ್ತದೆ. ತಾಮ್ರ ಇಳಿದರೆ ರಕ್ತಹೀನತೆ, ಪಾದ ಜೋಮು, ಜೊತೆಗೆ ಬಿಳಿ ರಕ್ತಕಣಗಳೇ ಕಡಿಮೆ. ಇಮ್ಯೂನಿಟಿಗೆ ಅಂತ ನುಂಗಿದ ಮಾತ್ರೆ ಇಮ್ಯೂನಿಟಿಯ ಕಾಲಾಳುಗಳನ್ನೇ ಕರಗಿಸುತ್ತದೆ, ನೋಡಿ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ತರಹದ ಆಂಟಿಬಯೋಟಿಕ್ ಜೊತೆ ಸೇರಿದರೆ ಔಷಧವೂ ಮೈಗೆ ಹತ್ತುವುದಿಲ್ಲ.

ವಿಟಮಿನ್ ಸಿ ಅಷ್ಟು ಅಪಾಯದ್ದಲ್ಲ, ಅಷ್ಟು ಉಪಯೋಗದ್ದೂ ಅಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಶ್ಲೇಷಣೆಯಲ್ಲಿ 29 ಪ್ರಯೋಗ, 11,000ಕ್ಕೂ ಹೆಚ್ಚು ಜನರ ಲೆಕ್ಕವಿದೆ. ದಿನಾ ತೆಗೆದುಕೊಂಡರೂ ಸಾಮಾನ್ಯ ಜನರಲ್ಲಿ ನೆಗಡಿಯ ಸಂಖ್ಯೆ ಇಳಿಯಲಿಲ್ಲ. ಅವಧಿ ದೊಡ್ಡವರಲ್ಲಿ 8%, ಮಕ್ಕಳಲ್ಲಿ 14% ಕಡಿಮೆ. ನಿಮ್ಮ ಹತ್ತು ದಿನಕ್ಕೆ ಮುಕ್ಕಾಲು ದಿನ ಉಳಿತಾಯ. ನೆಗಡಿ ಶುರುವಾದ ಮೇಲೆ ತೆಗೆದುಕೊಂಡರೆ ಅದೂ ಖಾತ್ರಿಯಿಲ್ಲ. ಲಾಭ ಎದ್ದು ಕಂಡದ್ದು ಮ್ಯಾರಥಾನ್ ಓಟಗಾರರು, ಸ್ಕೀಯರ್‌ಗಳು, ಕೊರೆಯುವ ಚಳಿಯಲ್ಲಿ ತರಬೇತಿ ಪಡೆಯುವ ಸೈನಿಕರಲ್ಲಿ ಮಾತ್ರ. ಅವರಿಗೆ ನೆಗಡಿ ಅರ್ಧಕ್ಕಿಳಿಯಿತು. ದಿನಕ್ಕೆ 200 ಮಿಲಿಗ್ರಾಂಗೇ ರಕ್ತದ ಮಟ್ಟ ಹೆಚ್ಚುಕಡಿಮೆ ತುಂಬುತ್ತದೆ. ಉಳಿದದ್ದು ಬಹುಪಾಲು ಮೂತ್ರದ ದಾರಿ ಹಿಡಿಯುತ್ತದೆ, ಕಿಡ್ನಿ ಕಲ್ಲಿನ ಇತಿಹಾಸ ಇದ್ದವರಿಗೆ ತೊಂದರೆಯನ್ನೂ ಕೊಡುತ್ತದೆ. ಆ 200 ತಟ್ಟೆಯಿಂದಲೇ ಸಿಗುತ್ತದೆ.

ತಟ್ಟೆ ಅಂದಾಗ ತೂಕ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾತು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ, ಅಂದರೆ 80 ಗ್ರಾಂನ ಐದು ಪಾಲು. ಒಂದು ಪಾಲು ಸುಮಾರು ನಿಮ್ಮ ಮುಷ್ಟಿಯಷ್ಟು. ಆಲೂಗಡ್ಡೆ ಲೆಕ್ಕಕ್ಕಿಲ್ಲ. ಪ್ರೋಟೀನ್ ಕೆಜಿ ತೂಕಕ್ಕೆ 0.8 ಗ್ರಾಂ: 65 ಕೆಜಿಯವರಿಗೆ 52 ಗ್ರಾಂ. 65 ವರ್ಷ ದಾಟಿದವರಿಗೆ ಕೆಜಿಗೆ 1ರಿಂದ 1.2 ಗ್ರಾಂ. ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳು (ಆಂಟಿಬಾಡಿ) ಪ್ರೋಟೀನ್‌ನಿಂದಲೇ ಆದವು, ಕಚ್ಚಾವಸ್ತು ಇಲ್ಲದೆ ಕಾರ್ಖಾನೆ ಓಡದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ ಬೇಳೆಕಾಳು ಒಂದು ದೊಡ್ಡ ಬಟ್ಟಲಿಗೆ 15ರ ಆಸುಪಾಸು. ಮೂರು ಹೊತ್ತಿಗೂ ಹಂಚಿ, ರಾತ್ರಿಗೇ ಎಲ್ಲ ಗುಡ್ಡೆ ಹಾಕಬೇಡಿ.

ಪ್ರಶ್ನೆ: ಮೇಡಂ, ವಿಟಮಿನ್ ಡಿ? ವಾರಕ್ಕೊಂದು 60,000 ಯೂನಿಟ್‌ನ ಮಾತ್ರೆಯನ್ನು ಎಲ್ಲರೂ ತಗೋತಾರಲ್ಲ? ಮೊಸರು, ಹುದುಗಿಸಿದ್ದು ತಿಂದರೆ ಒಳ್ಳೆಯದಾ?

ಉತ್ತರ (ಆಹಾರತಜ್ಞೆ): ಅದು ಕೊರತೆ ಇದ್ದವರಿಗೆ ಕೆಲವು ವಾರಗಳ ಮಟ್ಟಿಗೆ ವೈದ್ಯರು ಬರೆಯುವ ಪ್ರಮಾಣ. ಎಲ್ಲರೂ ವರ್ಷಗಟ್ಟಲೆ ನುಂಗುವುದಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. 2017ರ ದೊಡ್ಡ ವಿಶ್ಲೇಷಣೆಯಲ್ಲಿ ಉಸಿರಾಟದ ಸೋಂಕು ಕಡಿಮೆಯಾದದ್ದು ಮುಖ್ಯವಾಗಿ ತೀವ್ರ ಕೊರತೆ ಇದ್ದು, ದಿನಕ್ಕೋ ವಾರಕ್ಕೋ ಸಣ್ಣ ಪ್ರಮಾಣ ತೆಗೆದುಕೊಂಡವರಲ್ಲಿ. ತಿಂಗಳಿಗೊಮ್ಮೆ ರಾಶಿ ಸುರಿದವರಲ್ಲಿ ಅಲ್ಲ. ಮುಂದೆ ಹೊಸ ಪ್ರಯೋಗಗಳು ಸೇರಿದಂತೆ ಆ ಲಾಭವೂ ತೆಳುವಾಯಿತು. ಕೊರತೆ ಇಲ್ಲದ ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಸಾಕು.

ಹುದುಗಿಸಿದ ಆಹಾರದ ಬಗ್ಗೆ ಸ್ಟ್ಯಾನ್‌ಫರ್ಡ್‌ನ 2021ರ ಪ್ರಯೋಗ ಇದೆ, 36 ಜನರದ್ದು, ಚಿಕ್ಕದು. ಹತ್ತು ವಾರ ಹುದುಗಿಸಿದ ಆಹಾರ ಹೆಚ್ಚಿಸಿದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತ ಸೂಚಿಸುವ 19 ಪ್ರೋಟೀನ್‌ಗಳು ಇಳಿದವು. ಹುದುಗಿಸಿದ ಮೇಲೆ ಕುದಿಸಿದ್ದರಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಅದು ನೆನಪಿರಲಿ. ನಾರು ಹೆಚ್ಚಿಸುವುದಾದರೆ ಎರಡು-ಮೂರು ವಾರ ತೆಗೆದುಕೊಳ್ಳಿ. ಒಂದೇ ದಿನ ದುಪ್ಪಟ್ಟು ಮಾಡಿದವರಿಗೆ ಹೊಟ್ಟೆ ಉಬ್ಬರ ಗ್ಯಾರಂಟಿ.

ಪ್ರಶ್ನೆ: ಎರಡು-ಮೂರು ಸಿಗರೇಟಿಗೆ ಅಷ್ಟು ದೊಡ್ಡ ಮಾತಾ ಸರ್? ಒಂದು ಸಲ ಬಿಟ್ಟಿದ್ದೆ, ಕೆಮ್ಮು ಜಾಸ್ತಿಯಾಯ್ತು.

ಉತ್ತರ (ವೈದ್ಯರು): ಉಸಿರುನಾಳದ ಒಳಗೋಡೆಯಲ್ಲಿ ಸೂಕ್ಷ್ಮ ಕೂದಲುಗಳಿವೆ. ಅವು ಗಾಳಿಗೆ ಬಾಗುವ ಪೈರಿನಂತೆ ಒಂದೇ ದಿಕ್ಕಿಗೆ ಬೀಸುತ್ತಾ, ವೈರಸ್, ಧೂಳು ಅಂಟಿದ ಕಫವನ್ನು ಗಂಟಲ ಕಡೆ ತಳ್ಳುತ್ತವೆ. ಹೊಗೆ ಅವುಗಳನ್ನು ಮಂಕು ಮಾಡುತ್ತದೆ. ಬಿಟ್ಟ ಮೇಲೆ ಅವು ಮತ್ತೆ ಎದ್ದು ಹಳೆಯ ಕಫ ಹೊರಹಾಕುವಾಗ ಕೆಲವು ವಾರ ಕೆಮ್ಮು ಹೆಚ್ಚಾಗುವುದುಂಟು. ಆ ಕೆಮ್ಮನ್ನು ಕೆಟ್ಟ ಲಕ್ಷಣ ಅಂದುಕೊಂಡು ಮತ್ತೆ ಹಚ್ಚುವವರು ಬಹಳ. ಹೌದು, ದೊಡ್ಡ ಮಾತೇ.

ಪ್ರಶ್ನೆ (ಓಟದ ಅಭ್ಯಾಸ ಇರುವ ಸದಸ್ಯೆ): ದೊಡ್ಡ ಓಟ ಮುಗಿಸಿದ ವಾರ ನನಗೆ ಗಂಟಲು ಕೆರೆತ ತಪ್ಪಿದ್ದಲ್ಲ. ವ್ಯಾಯಾಮ ಹೆಚ್ಚಾದರೆ ಇಮ್ಯೂನಿಟಿ ಇಳಿಯುತ್ತಾ? ತಣ್ಣೀರು ಸ್ನಾನ ಮಾಡಬಹುದಾ?

ಉತ್ತರ (ವೈದ್ಯರು): 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಆದ ವಾರದಲ್ಲಿ ಓಡಿದವರಲ್ಲಿ 12.9% ಮಂದಿಗೆ ಸೋಂಕಿನ ಲಕ್ಷಣ, ತಯಾರಾಗಿಯೂ ಓಡದವರಲ್ಲಿ 2.2%. ಇದು ಓಟದಿಂದಲೇ ಬಂದದ್ದಾ, ಅಥವಾ ಜನಜಂಗುಳಿ, ಪ್ರಯಾಣ, ಹಿಂದಿನ ರಾತ್ರಿಯ ಅರೆನಿದ್ದೆಯಿಂದಾ ಅನ್ನುವ ವಾದ ಇನ್ನೂ ನಡೆದಿದೆ. ನನ್ನ ಒಲವು ಎರಡನೆಯ ಕಡೆ. ಆ ವಾರ ನಿದ್ದೆ ಕಾಯ್ದುಕೊಳ್ಳಿ, ಎರಡು-ಮೂರು ದಿನ ಗುಂಪಿನಿಂದ ದೂರವಿರಿ. ಓಡದವರಿಗೆ ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುಬಲದ ವ್ಯಾಯಾಮ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಬಿರುಸಿನ ಅಳತೆ. ಜ್ವರ, ಮೈಕೈ ನೋವು, ಎದೆ ಬಿಗಿತ ಇದ್ದಾಗ ಪೂರ್ತಿ ವಿಶ್ರಾಂತಿ, ಕೆಲವು ವೈರಸ್ ಹೃದಯದ ಸ್ನಾಯುವನ್ನೂ ತಟ್ಟುತ್ತವೆ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದ ಮೇಲೆ ಅರ್ಧ ಪ್ರಮಾಣದಿಂದ ಶುರು.

ತಣ್ಣೀರಿನ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ 3018 ಜನರ ಪ್ರಯೋಗ 2016ರಲ್ಲಿ ಬಂತು. ಸ್ನಾನದ ಕೊನೆಗೆ 30, 60 ಅಥವಾ 90 ಸೆಕೆಂಡ್ ತಣ್ಣೀರು ಹಾಕಿಕೊಂಡವರು ಕೆಲಸಕ್ಕೆ ರಜೆ ಹಾಕಿದ್ದು 29% ಕಡಿಮೆ. ತಮಾಷೆ ಎಂದರೆ ಕಾಯಿಲೆಯ ದಿನಗಳು ಕಡಿಮೆಯಾಗಲಿಲ್ಲ, ಕಾಯಿಲೆಯಲ್ಲೇ ಕೆಲಸಕ್ಕೆ ಹೋದರು ಅಷ್ಟೇ. ಹೃದ್ರೋಗ ಇಲ್ಲದಿದ್ದರೆ ಮಾಡಿ, 30 ಸೆಕೆಂಡ್ ಸಾಕು.

ಪ್ರಶ್ನೆ: ಬಾಯಿ ಮುಕ್ಕಳಿಸುವುದಕ್ಕೆ ಯಾವ ಔಷಧ ಒಳ್ಳೆಯದು?

ಉತ್ತರ (ವೈದ್ಯರು): ನೀರು. 2005ರಲ್ಲಿ ಜಪಾನಿನ 387 ಜನರ ಪ್ರಯೋಗದಲ್ಲಿ ಬರೀ ನೀರಿನಿಂದ ಗಂಟಲು ಗಳಗಳ ಮಾಡಿದವರಿಗೆ ಸೋಂಕು 36% ಕಡಿಮೆಯಾಯಿತು. ಅಯೋಡಿನ್ ದ್ರಾವಣ ಬಳಸಿದವರಿಗೆ ಹೇಳಿಕೊಳ್ಳುವ ಲಾಭವಿಲ್ಲ. ಸುಮಾರು 20 ಮಿಲಿ ನೀರು, 15 ಸೆಕೆಂಡ್, ಒಂದರ ಹಿಂದೆ ಒಂದು ಮೂರು ಸಲ, ದಿನಕ್ಕೆ ಮೂರು ಹೊತ್ತು. ಒಂದೇ ಪ್ರಯೋಗ, ಆದರೆ ಕಳೆದುಕೊಳ್ಳುವುದೇನೂ ಇಲ್ಲ. ಕೈಗೆ ಸೋಪು 20 ಸೆಕೆಂಡ್, ಹೆಬ್ಬೆರಳು ಮತ್ತು ಉಗುರ ತುದಿ ಮರೆಯದೆ. ಸ್ಯಾನಿಟೈಸರ್ 60% ಆಲ್ಕೋಹಾಲ್‌ಗಿಂತ ಕಡಿಮೆ ಇರಬಾರದು, ವಾಂತಿ-ಭೇದಿಯ ನೊರೊವೈರಸ್‌ಗೆ ಅದು ಸಾಲದು, ಸೋಪೇ ಬೇಕು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ರಕ್ಷಣೆ ಕೂಡಲು ಎರಡು ವಾರ. ಆ ವಾರ ನಿದ್ದೆಗೆಡಬೇಡಿ: ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿ, ಆ ನಡುವೆ ಲಸಿಕೆ ಕೊಟ್ಟ 2002ರ ಪ್ರಯೋಗದಲ್ಲಿ ಹತ್ತನೇ ದಿನದ ಪ್ರತಿಕಾಯ ಅರ್ಧಕ್ಕಿಂತ ಕಡಿಮೆ ಇತ್ತು.

ಪ್ರಶ್ನೆ (ಮೊದಲ ಸದಸ್ಯರು): ಇಮ್ಯೂನಿಟಿ ಪ್ಯಾಕೇಜ್ ಪರೀಕ್ಷೆ ಮಾಡಿಸಲಾ? ಜಿಂಕ್ ಇವತ್ತೇ ನಿಲ್ಲಿಸಲಾ, ಸ್ವಲ್ಪ ಸ್ವಲ್ಪ ಇಳಿಸಲಾ?

ಉತ್ತರ (ವೈದ್ಯರು): ಪ್ಯಾಕೇಜ್ ಬೇಡ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ಎರಡು ತಿಂಗಳು ಆಂಟಿಬಯೋಟಿಕ್‌ಗೂ ಬಗ್ಗದ ಸೋಂಕು, ಪದೇಪದೇ ಆಳದ ಕೀವುಗಂಟು, ಬಾಯಲ್ಲಿ ಹೋಗದ ಬಿಳಿ ಶಿಲೀಂಧ್ರ, ಕಾರಣವಿಲ್ಲದೆ ತೂಕ ಇಳಿಕೆ, ಇಂಥದ್ದೇನಾದರೂ ಇದ್ದರೆ ನೇರ ವೈದ್ಯರ ಬಳಿ ಹೋಗಿ. ನಿಮಗೆ ಸದ್ಯಕ್ಕೆ ಬಿಳಿ ಕಣಗಳ ವಿಂಗಡಣೆ ಇರುವ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಸಾಕು. ಜಿಂಕ್ ಇವತ್ತೇ ನಿಲ್ಲಿಸಿ, ಇಳಿಸುತ್ತಾ ಹೋಗುವ ಅಗತ್ಯವಿಲ್ಲ. ಪಾದದಲ್ಲಿ ಜೋಮು ಇದ್ದರೆ, ಅಥವಾ ಸಿಬಿಸಿಯಲ್ಲಿ ಹಿಮೋಗ್ಲೋಬಿನ್ ಇಲ್ಲವೇ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕಡಿಮೆ ಬಂದರೆ ರಕ್ತದ ತಾಮ್ರವನ್ನೂ ನೋಡಿಸಿ. ರಿಪೋರ್ಟು ಬಂದ ಮೇಲೆ ಹೆಸರು ಮುಚ್ಚಿ ಇಲ್ಲೇ ಹಾಕಿ.