ಸಹಾಯ ಬೇಕು: ಮಂಗಳೂರಿನ ತೇವದಲ್ಲಿ ಮರಗೆಲಸ

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಮಂಗಳೂರಿಗೆ ಮನೆ ಬದಲಿಸಿದ ಮೇಲೆ ನಿಂತುಹೋಗಿದ್ದ ಹವ್ಯಾಸದ ಮರಗೆಲಸವನ್ನು ಮತ್ತೆ ಆರಂಭಿಸೋಣವೆಂದು ಪೆಟ್ಟಿಗೆ ತೆರೆದರೆ, ಉಳಿಗಳ ಅಲಗಿನ ಮೇಲೆಲ್ಲ ಕಂದು ಚುಕ್ಕೆಗಳೆದ್ದಿವೆ. ಅಲ್ಲಿ ಸಲೀಸಾಗಿ ಜಾರುತ್ತಿದ್ದ ಹಲಸಿನ ಮೇಜಿನ ಡ್ರಾಯರ್ ಇಲ್ಲಿ ಉಬ್ಬಿ ಕಚ್ಚಿಕೊಂಡಿದೆ. ಮರವು ಎಳೆಯ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಹಿಗ್ಗುತ್ತದೆಂಬುದು ಗೊತ್ತಿದ್ದರೂ, ಅದನ್ನು ಈಗಲೇ ಕೀಸಿದರೆ ಬೇಸಿಗೆಯಲ್ಲಿ ತೀರಾ ಸಡಿಲವಾದೀತೆಂಬ ಅಳುಕಿದೆ. ಕರಾವಳಿಯಲ್ಲಿ ಕೆಲಸ ಮಾಡುವವರು ಡ್ರಾಯರಿನ ಸುತ್ತ ಎಷ್ಟು ಸಂದು ಬಿಡುತ್ತೀರಿ, ಮಳೆಗಾಲ ಮುಗಿಯುವವರೆಗೆ ಕಾಯುವುದೇ ಮೇಲೇ ಎಂಬುದನ್ನು ದಯವಿಟ್ಟು ತಿಳಿಸಿ. ತುಕ್ಕು ತಡೆಯಲು ಪೆಟ್ಟಿಗೆಯಲ್ಲಿ ಕರ್ಪೂರ ಇಡುವವರಿದ್ದಾರೆ. ನನಗೆ ಹೊಲಿಗೆ ಯಂತ್ರದ ಎಣ್ಣೆಯ ಮೇಲೇ ಹೆಚ್ಚು ನಂಬಿಕೆ, ಆದರೆ ಅದು ಮರಕ್ಕೆ ಹತ್ತಿದರೆ ಪಾಲಿಶ್ ಸರಿಯಾಗಿ ಕೂರುವುದಿಲ್ಲ. ಬಾಲ್ಕನಿಯಲ್ಲೇ ಕೆಲಸ ಮಾಡಬೇಕಾಗಿರುವುದರಿಂದ ಸದ್ದು ಮಾಡುವ ಯಂತ್ರಗಳ ಸಲಹೆ ಬೇಡ.