ಕಟಾದೊಳಗಿನ ಪಟ್ಟು ಹುಡುಕೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಚಿತ್ರದುರ್ಗದಿಂದ: ಮಗಳು ಕರಾಟೆಯಲ್ಲಿ ಯೆಲ್ಲೋ ಬೆಲ್ಟ್. ಹೆಯಾನ್ ಶೋದಾನ್ ಅನ್ನೋ ಕಟಾ (ಒಬ್ಬರೇ ಕ್ರಮವಾಗಿ ಮಾಡೋ ಚಲನೆಗಳ ಸರಣಿ) ಚೆಂದ ಮಾಡ್ತಾಳೆ. ಆದ್ರೆ ಯಾರಾದ್ರೂ ಕೈ ಹಿಡಿದ್ರೆ ಇದರಲ್ಲಿ ಏನು ಮಾಡ್ತೀಯ ಅಂದ್ರೆ ಸುಮ್ಮನಾಗ್ತಾಳೆ. ಕ್ಲಾಸಲ್ಲಿ ಬ್ಲಾಕ್, ಪಂಚ್ ಅಷ್ಟೇ ಹೇಳ್ತಾರೆ. ಕಟಾದಿಂದ ಉಪಯೋಗಕ್ಕೆ ಬರೋದನ್ನ ತೆಗೆದವರು ಇದ್ದೀರಾ?

ದಾವಣಗೆರೆ, ವಿದ್ಯಾನಗರ: ಇದ್ದೀವಿ ಸರ್. ಹೊಡೆಯೋ ಕೈ ಬಿಡಿ, ಸೊಂಟಕ್ಕೆ ಬರೋ ಕೈ ನೋಡಿ. ಅದೇ ಹಿಕಿತೆ, ಅಂದ್ರೆ ಎಳೆಯೋ ಕೈ. ಜಗಳದಲ್ಲಿ ಯಾರೂ ಒಂದು ಕೈಯನ್ನ ಸುಮ್ಮನೆ ಸೊಂಟದ ಹತ್ರ ಇಟ್ಕೊಂಡು ಮುಖ ಬಯಲು ಮಾಡ್ಕೊಳ್ಳಲ್ಲ. ಆ ಮುಷ್ಟಿಯಲ್ಲಿ ಎದುರಿನವನ ಮಣಿಕಟ್ಟು ಇದೆ ಅಂದ್ಕೊಳ್ಳಿ.

ಕಟಾದ ಮೊದಲ ಗೆದಾನ್ ಬರಾಯನ್ನೇ (ಕೈಯನ್ನ ಕೆಳಕ್ಕೆ ಬೀಸೋ ಬ್ಲಾಕ್) ತಗೊಳ್ಳಿ. ಒದೆ ತಡೆಯೋಕೆ ಅಂತಾರೆ, ನಾನು ಒಪ್ಪಲ್ಲ. ಜೋರಾಗಿ ಬರೋ ಕಾಲಿಗೆ ಮುಂಗೈ ಅಡ್ಡ ಕೊಟ್ರೆ ಮುರಿಯೋದು ನಮ್ಮ ಮೂಳೆನೇ. ಎದುರಿನವ ತನ್ನ ಬಲಗೈಯಿಂದ ಮಗಳ ಬಲ ಮಣಿಕಟ್ಟು ಹಿಡಿದ ಅನ್ನಿ. ಅವಳು ಅದೇ ಕೈ ತಿರುಗಿಸಿ ಅವನ ಮಣಿಕಟ್ಟು ಹಿಡಿದು ಸೊಂಟಕ್ಕೆ ಎಳೀಬೇಕು. ಅವನ ತೋಳು ನೆಟ್ಟಗಾಗುತ್ತೆ. ಕಿವಿ ಹತ್ರ ಎತ್ತಿದ ಎಡಗೈ ಅವನ ಮೊಣಕೈ ಹಿಂಭಾಗದ ಮೇಲೆ ಇಳೀಬೇಕು. ಅವನು ಬಗ್ಗುತ್ತಾನೆ, ಮುಂದಿನ ಹೆಜ್ಜೆಯ ಪಂಚ್‌ಗೆ ಮುಖ ಎದುರಿಗೇ ಇರುತ್ತೆ. ಮನೇಲಿ ನಿಧಾನ ಮಾಡಿ, ಮೊಣಕೈ ಬಹಳ ಬೇಗ ನೋಯುತ್ತೆ.

ಇದು ನನ್ನ ಕಲ್ಪನೆ ಅಲ್ಲ. ಈ ಕಟಾಗಳನ್ನ ಓಕಿನಾವಾದಲ್ಲಿ ಶಾಲೆ ಮಕ್ಕಳಿಗೆ ಅಂತ ಹೊಂದಿಸಿದ ಇತೊಸು ಅಂಕೋ ಅವರೇ 1908ರ ಪತ್ರದಲ್ಲಿ ಪ್ರತಿ ಪಟ್ಟಿನ ವಿವರಣೆ ತಿಳ್ಕೊಂಡು ಯಾವಾಗ, ಹೇಗೆ ಬಳಸೋದು ಅಂತ ನಿರ್ಧರಿಸಿ ಅಂದಿದ್ದಾರೆ. ಆಗ ಇದರ ಹೆಸರು ಪಿನಾನ್. ಹೆಯಾನ್ ಅಂತ ಮಾಡಿದ್ದು ಓಕಿನಾವಾದಿಂದ ಜಪಾನಿನ ಮುಖ್ಯ ದ್ವೀಪಕ್ಕೆ ಕರಾಟೆ ಒಯ್ದ ಗುರು ಫುನಾಕೋಶಿ.

ದಾವಣಗೆರೆ, ಗರಡಿ ಹುಡುಗ: ಕರಾಟೆ ನಂಗೆ ಗೊತ್ತಿಲ್ಲಣ್ಣ, ಆದ್ರೆ ಗೆಳೆಯ ಕಟಾ ಮಾಡೋವಾಗ ಆ ದೊಡ್ಡ ತಿರುವು ನೋಡಿ ನಕ್ಕೆ. ಹಿಂದಿನಿಂದ ಇನ್ನೊಬ್ಬ ಬಂದ ಅಂತ ತಿರುಗೋದಂತೆ! ಕೈ ಹಿಡ್ಕೊಂಡು ಬೆನ್ನು ಕೊಟ್ಟು ತಿರುಗಿದ್ರೆ ಅದು ಎದುರಿನವನನ್ನ ಬೆನ್ನ ಮೇಲಿಂದ ಎತ್ತಿ ಹಾಕೋ ನಮ್ಮ ಧೋಬಿ ಪಟ್ಟೇ. ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿದವರಿಗೆ ಬಿಡಿಸಿ ಹೇಳ್ಬೇಕಿಲ್ಲ. ಆದ್ರೆ ಎದುರಿನವ ಮೈ ಬಿಗಿ ಹಿಡಿದು ಎಳೆದಾಡ್ದೇ ಇದ್ರೆ ಯಾವ ಪಟ್ಟೂ ಚೆಂದಾನೇ ಕಾಣುತ್ತೆ. ಜೋಡಿ ಹಾಕಿ, ಬಿಡ್ಬೇಡ ಅಂತ ಹೇಳಿ ನೋಡಿ.

ಪ್ರಶ್ನೆ ಕೇಳಿದವರು: ಇವತ್ತು ಮೊಣಕೈದು ನಿಧಾನವಾಗಿ ನೋಡಿದ್ವಿ. ನಾನು ಬಿಗಿ ಹಿಡಿದ್ರೆ ಅವಳಿಗೆ ಕೈ ತಿರುಗಿಸೋಕೇ ಆಗ್ತಿಲ್ಲ.

ದಾವಣಗೆರೆ, ವಿದ್ಯಾನಗರ: ಆಗಲ್ಲ ಸರ್, ನೀವು ದೊಡ್ಡವರು. ಮೊದಲು ಮೊಣಕಾಲ ಕೆಳಗೆ ಒಂದು ಒದೆ ಕೊಡಲಿ, ಹಿಡಿತ ಸಡಿಲ ಆಗುತ್ತೆ. ಅದಕ್ಕೂ ಸುಲಭದ್ದು ಅದೇ ಕಟಾದಲ್ಲಿದೆ: ಬಲಕ್ಕೆ ತಿರುಗಿದ ಮೇಲೆ ಕೈ ಹಿಂದಕ್ಕೆಳೆದು ಮುಷ್ಟಿಯಿಂದ ಮೇಲಿನಿಂದ ಕುಟ್ಟೋದು. ಅವನ ಹೆಬ್ಬೆರಳ ಕಡೆಗೆ ಎಳೀಬೇಕು, ಹಿಡಿತ ಅಲ್ಲೇ ದುರ್ಬಲ. ಕೈ ಬಿಟ್ಟ ತಕ್ಷಣ ಓಡಲಿ.