ಕದನವಿಲ್ಲದ ದಿನಗಳಲ್ಲೂ ಸೈನಿಕರಿಗೆ ಸುಟ್ಟಗಾಯ ಏಕೆ?

ಪ್ರಶ್ನೆ (ಭಾಲ್ಕಿ, ಬೀದರ್ ಜಿಲ್ಲೆ):
ಲಡಾಖ್‌ನಲ್ಲಿ ಸೇವೆಯಲ್ಲಿರುವ ನನ್ನ ತಮ್ಮ, ಚಳಿಗಾಲದಲ್ಲಿ ಡೇರೆಯೊಳಗೆ ಸೀಮೆಎಣ್ಣೆಯ ಬುಖಾರಿ (ಬೆಚ್ಚಗಿಡುವ ಒಲೆ) ಉರಿಸುತ್ತೇವೆಂದು ಹೇಳಿದಾಗಿನಿಂದ ನಮ್ಮ ತಾಯಿಗೆ ಚಿಂತೆ ಹತ್ತಿದೆ. ಇಂಥಲ್ಲಿ ಬೆಂಕಿ ಅವಘಡ ಹೇಗೆ ಸಂಭವಿಸುತ್ತದೆ, ತಡೆಯುವ ಬಗೆ ಏನು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ನಿವೃತ್ತ ಹವಾಲ್ದಾರ್, ಔರಾದ್):
ತಾಯಿಯವರ ಚಿಂತೆ ಸಹಜವೇ. ಬುಖಾರಿ ಇನ್ನೂ ಬಿಸಿಯಿರುವಾಗಲೇ ಎಣ್ಣೆ ತುಂಬುವುದು, ಬೇಗ ಹೊತ್ತಲೆಂದು ಪೆಟ್ರೋಲ್ ಸುರಿಯುವುದು ಬಹಳ ಅಪಾಯಕರ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲಮಟ್ಟದಲ್ಲಿ ಹರಡಿ, ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ನೈಲಾನ್, ಪಾಲಿಯೆಸ್ಟರ್ ಒಳಉಡುಪು ಕರಗಿ ಚರ್ಮಕ್ಕೆ ಅಂಟುವುದರಿಂದ ಹತ್ತಿ ಅಥವಾ ಉಣ್ಣೆಯದೇ ಲೇಸು.

ಉತ್ತರ (ಶುಶ್ರೂಷಕಿ, ಕಲಬುರಗಿ):
ಸುಟ್ಟ ಕೂಡಲೇ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು; ಮಂಜುಗಡ್ಡೆ, ಟೂತ್‌ಪೇಸ್ಟ್ ಖಂಡಿತ ಬೇಡ. ಅಲ್ಲಿಯ ಚಳಿಯಲ್ಲಿ ಉಳಿದ ಮೈಯನ್ನು ಕಂಬಳಿಯಿಂದ ಬೆಚ್ಚಗಿಡುವುದೂ ಅಷ್ಟೇ ಅಗತ್ಯ.